ನಿಮಗಿದು ಗೊತ್ತೆ? ಮನೆಯಳಿಯನಿಗೂ ಪಟ್ಟ!

ಇಂದಿನ ಟರ್ಕಿಯ ಬೊಗಾಜ್‌ಕಲೆ ಬಳಿಯ ಹತ್ತೂಸ, ಹಿಟ್ಟೈಟ್ ದೊರೆಗಳ ರಾಜಧಾನಿ. ಅಲ್ಲಿನ ಸಿಂಹಾಸನಕ್ಕೆ ಹೊರಗಿನ ಶತ್ರುಗಳಷ್ಟೇ ಒಳಗಿನ ನೆಂಟರ ಕಾಟವೂ ಇತ್ತು.

ಒಂದನೆಯ ಹತ್ತೂಸಿಲಿ ಮೊದಲು ತನ್ನ ಸೋದರಳಿಯನನ್ನೇ ಉತ್ತರಾಧಿಕಾರಿಯಾಗಿ ಆರಿಸಿದ್ದ. ತಾನು ಹಾಸಿಗೆ ಹಿಡಿದಾಗ ಆ ಹುಡುಗ ಒಂದು ಹನಿ ಕಣ್ಣೀರನ್ನೂ ಹಾಕಲಿಲ್ಲವೆಂದು ನೊಂದು ಅವನನ್ನು ಕೈಬಿಟ್ಟ. ಅವನ ತಾಯಿಯನ್ನು, ಅಂದರೆ ಸ್ವಂತ ಸೋದರಿಯನ್ನು, ಹಾವು ಎಂದೇ ಕರೆದ. ಮುದಿ ರಾಜನ ಈ ಸಂಕಟ ಜೇಡಿಮಣ್ಣಿನ ಫಲಕದಲ್ಲಿ ಉಳಿದುಬಂದಿದೆ. ಓದಿದರೆ ಇಂದಿಗೂ ಕರುಳು ಚುರ್ರೆನ್ನುತ್ತದೆ.

ಪಟ್ಟ ದಕ್ಕಿದ್ದು ಮೊಮ್ಮಗ ಮುರ್ಸಿಲಿಗೆ. ದೂರದ ಬ್ಯಾಬಿಲಾನ್ ನಗರವನ್ನೇ ಗೆದ್ದು ಬಂದ ಆ ವೀರನನ್ನು ಮನೆಯಲ್ಲಿ ಕೊಂದವನು ಅವನ ಸೋದರಿಯ ಗಂಡ ಹಂತಿಲಿ. ಮುಂದೆ ಅಮ್ಮುನ ಎಂಬವನು ಹೆತ್ತ ತಂದೆಯನ್ನೇ ಕೊಂದು ರಾಜನಾದ.

ಈ ರಕ್ತಪಾತ ನಿಲ್ಲಿಸಲು ಕ್ರಿ.ಪೂ. 1500ರ ಸುಮಾರಿಗೆ ದೊರೆ ತೆಲಿಪಿನು ಒಂದು ಶಾಸನ ಹೊರಡಿಸಿದ. ಪಟ್ಟದರಸಿಯ ಮಗ ರಾಜನಾಗಲಿ. ಅವನಿಲ್ಲದಿದ್ದರೆ ಎರಡನೇ ದರ್ಜೆಯ ಹೆಂಡತಿಯ ಮಗ. ಗಂಡುಮಕ್ಕಳೇ ಇಲ್ಲದಿದ್ದರೆ ಪಟ್ಟದರಸಿಯ ಮಗಳ ಗಂಡ! ತನ್ನನ್ನು ಕೊಲ್ಲಲು ಹೊಂಚುಹಾಕಿದ್ದ ಹಿಂದಿನ ದೊರೆ ಹುಜ್ಜಿಯನನ್ನು ಪದಚ್ಯುತಗೊಳಿಸಿದರೂ ತೆಲಿಪಿನು ಅವನ ಜೀವ ತೆಗೆಯಲು ಒಪ್ಪಲಿಲ್ಲ. ಆ ಕಾಲಕ್ಕೆ ಅದು ದೊಡ್ಡ ಮಾತು. ಹುಜ್ಜಿಯ ಬೇರಾರೂ ಅಲ್ಲ, ತೆಲಿಪಿನುವಿನ ಹೆಂಡತಿ ಇಸ್ತಪಾರಿಯಳ ಒಡಹುಟ್ಟಿದವನು.

ಇಷ್ಟಾದರೂ ಕ್ರಿ.ಪೂ. 13ನೇ ಶತಮಾನದಲ್ಲಿ ಮೂರನೆಯ ಹತ್ತೂಸಿಲಿ, ಅಣ್ಣನ ಮಗ ಉರ್ಹಿ-ತೆಶುಬ್‌ನನ್ನು ಇಳಿಸಿ ತಾನೇ ಸಿಂಹಾಸನ ಏರಿದ.