‘ನಿತ್ಯೋತ್ಸವ’: ಕ್ಯಾಸೆಟ್ಟಿನಿಂದ ಊರಿನ ಬಾಯಿಗೆ

ಒಂದು ಹಾಡು ಗೆದ್ದಿತೆನ್ನಲು ಮಾರಾಟದ ಲೆಕ್ಕ ತೋರಿಸಬೇಕು ಎಂಬುದು ಪಶ್ಚಿಮದ ದೇಶಗಳ ವಾಡಿಕೆ. ಕ್ವೀನ್ ತಂಡದ ‘ಬೊಹೀಮಿಯನ್ ರಾಪ್ಸಡಿ’ 1975ರಲ್ಲಿ ಹೊರಬಂದಾಗ ಬ್ರಿಟನ್ನಿನ ವಾರದ ಪಟ್ಟಿಯಲ್ಲಿ 9 ವಾರ ಮೊದಲ ಸ್ಥಾನದಲ್ಲಿತ್ತು. 1991ರಲ್ಲಿ ಗಾಯಕ ಫ್ರೆಡಿ ಮರ್ಕ್ಯುರಿ ತೀರಿಕೊಂಡಾಗ ಮತ್ತೊಮ್ಮೆ ಅಲ್ಲಿಗೇ ಏರಿತು. ಕನ್ನಡದಲ್ಲಿ ಸಿನಿಮಾದ ಆಸರೆಯಿಲ್ಲದೆ ಗೆದ್ದ ಹಾಡುಗಳಿಗೆ ಇಂಥ ಪಟ್ಟಿ ಇರಲಿಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ವನ್ನೇ ನೋಡಿ. ಆ ಹೆಸರಿನ ಕವನ ಸಂಕಲನ ಬಂದದ್ದು 1976ರಲ್ಲಿ. ಎರಡು ವರ್ಷದ ಬಳಿಕ, 1978ರಲ್ಲಿ, ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ಅದೇ ಹೆಸರಿನ ಧ್ವನಿಸುರುಳಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂಬ ಹೆಸರು ಅದಕ್ಕಿದೆ. ಆ ಕ್ಯಾಸೆಟ್ಟನ್ನು ಕಣ್ಣಿಂದಲೂ ಕಾಣದ ಮಕ್ಕಳು ಇವತ್ತು ನವೆಂಬರ್ 1ರಂದು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ಆ ಹಾಡು ಹೇಳುತ್ತಾರೆ, ಅದೂ ಅನಂತಸ್ವಾಮಿಯವರ ಧಾಟಿಯಲ್ಲೇ. ಈ ಗೆಲುವನ್ನು ಮಾರಿದ ಪ್ರತಿಗಳಿಂದ ಅಳೆಯಲಾಗದು; ಎಷ್ಟು ಬಾಯಿಗಳು ಅದನ್ನು ತಮ್ಮದಾಗಿಸಿಕೊಂಡವು ಎಂಬುದರಿಂದಲೇ ಅಳೆಯಬೇಕು. ಕ್ಯಾಸೆಟ್ ಈ ಕವಿತೆಗೆ ಒಂದೇ ಒಂದು ಧಾಟಿಯನ್ನು ಗಟ್ಟಿಮಾಡಿ ಕೊಟ್ಟಿತು. ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿದ್ದಂಥ ಕೇಳುವ, ಕೂಡಿ ಹಾಡುವ ಏರ್ಪಾಟುಗಳು ಆ ಧಾಟಿಯನ್ನು ಎಲ್ಲರದಾಗಿಸಿದವು. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ‘ನಿತ್ಯೋತ್ಸವ’ ಒಂದು ಒಳ್ಳೆಯ ಕವಿತೆಯಾಗಿ ಪುಸ್ತಕದಲ್ಲೇ ಉಳಿಯುತ್ತಿತ್ತು.

ಅದಕ್ಕೂ ಮುಂಚೆ ಕನ್ನಡದಲ್ಲಿ ಮಾತಿಗೂ ಧಾಟಿಗೂ ಇದ್ದ ನಂಟು ಸಡಿಲವಾದದ್ದು. ದಾಸರ ಪದವನ್ನು ಒಬ್ಬರು ಒಂದು ರಾಗದಲ್ಲಿ ಹಾಡಿದರೆ ಇನ್ನೊಬ್ಬರು ಇನ್ನೊಂದರಲ್ಲಿ ಹಾಡುತ್ತಾರೆ, ಯಾರೂ ತಪ್ಪೆನ್ನುವುದಿಲ್ಲ. ವಚನಗಳದೂ ಅದೇ ಕಥೆ. ಇಪ್ಪತ್ತನೆಯ ಶತಮಾನದಲ್ಲಿ ಪಿ. ಕಾಳಿಂಗರಾಯರು (1914–1981) ಹೊಸಗನ್ನಡ ಕವಿತೆಯನ್ನು ವೇದಿಕೆಗೆ ತಂದರು. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಪುಸ್ತಕ ಓದದವರನ್ನೂ ತಲುಪಿದ್ದರಲ್ಲಿ ಅವರ ಕಂಠದ ಪಾಲು ದೊಡ್ಡದು. ಆದರೆ ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮೈಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ತಟ್ಟೆ ಒತ್ತಿಸುವ ವ್ಯವಹಾರವೋ ಕಲ್ಕತ್ತೆಯ ಡಮ್‌ಡಮ್‌ನಲ್ಲಿ ಕಾರ್ಖಾನೆಯಿದ್ದ ಒಂದೇ ದೊಡ್ಡ ಕಂಪನಿಯ ಹಿಡಿತದಲ್ಲಿತ್ತು. ಆಕಾಶವಾಣಿ ‘ಸುಗಮ ಸಂಗೀತ’ ಎಂಬ ಹೆಸರನ್ನು ಮನೆಮಾತಾಗಿಸಿತು, ಕವಿಗಳಿಗೂ ಗಾಯಕರಿಗೂ ಅವಕಾಶ ಕೊಟ್ಟಿತು. ಆದರೆ ರೇಡಿಯೋದ ಹಾಡು ತನ್ನ ಹೊತ್ತಿಗೆ ಬಂದು ಹೋಗಿಬಿಡುತ್ತಿತ್ತು. ಮತ್ತೆ ಕೇಳಬೇಕೆಂದರೆ ನಿಲಯದವರು ಮತ್ತೆ ಹಾಕುವ ತನಕ ಕಾಯಬೇಕು. ಹಾಡು ಕಲಿಯಲು ಬೇಕಾದದ್ದು ಮರುಕಳಿಕೆ, ಅದು ಕೇಳುಗನ ಕೈಯಲ್ಲಿರಲಿಲ್ಲ.

ಅದನ್ನು ಕೇಳುಗನ ಕೈಗೆ ಕೊಟ್ಟದ್ದು ಕ್ಯಾಸೆಟ್. 1963ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಈ ಅಂಗೈಯಗಲದ ಡಬ್ಬಿ ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಮಧ್ಯಮ ವರ್ಗದ ಮನೆಗಳಿಗೆ ಬರತೊಡಗಿತ್ತು. ತಟ್ಟೆ ಒತ್ತಲು ಕಾರ್ಖಾನೆ ಬೇಕು. ಕ್ಯಾಸೆಟ್ ನಕಲು ಮಾಡಲು ಒಂದು ಕೋಣೆ, ಕೆಲವು ಯಂತ್ರಗಳು ಸಾಕು. ಹಾಗಾಗಿ ಸಣ್ಣ ಬಂಡವಾಳದವರೂ ಪ್ರಾದೇಶಿಕ ಭಾಷೆಯ ಹಾಡುಗಳನ್ನು ನಂಬಿ ಕೆಲಸಕ್ಕಿಳಿಯಬಹುದಾಯಿತು. ಚಾಮರಾಜಪೇಟೆಯಲ್ಲಿ ನೆಲೆನಿಂತ ಲಹರಿಯಂಥ ಸಂಸ್ಥೆ ಬೆಳೆದದ್ದು ಈ ಬದಲಾವಣೆಯ ಬೆನ್ನಲ್ಲೇ. ಇನ್ನೂ ಮುಖ್ಯವಾದದ್ದು ಹಿಂದಕ್ಕೆ ಸುತ್ತುವ ಗುಂಡಿ. ಶಾಲೆಯ ಟೀಚರು ಒಂದು ಸಾಲನ್ನು ಹತ್ತು ಸಲ ಹಾಕಿ ಕೇಳಿ, ಮಕ್ಕಳಿಗೆ ಹೇಳಿಕೊಡಬಹುದು. ಸ್ವರಲಿಪಿ ಗೊತ್ತಿರಬೇಕಿಲ್ಲ, ಸಂಗೀತದ ಗುರು ಮನೆಗೆ ಬರಬೇಕಿಲ್ಲ. ಧಾಟಿ ಮಾತ್ರ ಎಲ್ಲ ಕಡೆಯೂ ಒಂದೇ.

ಹಾಗಾದರೆ ಯಾವ ಕವಿತೆಯಾದರೂ ಹೀಗೆ ಗೆಲ್ಲಬಹುದಿತ್ತೇ? ಇಲ್ಲ. ನಿಸಾರರ ಕ್ಯಾಸೆಟ್ಟುಗಳೇ 13 ಬಂದವು. ಎಲ್ಲದರ ಹಾಡುಗಳೂ ಈ ಎತ್ತರಕ್ಕೆ ಏರಲಿಲ್ಲ. ಈ ಕವಿತೆಯ ಕಟ್ಟಡದಲ್ಲೇ ಒಂದು ವಿಶೇಷವಿದೆ. ಮೊದಲೆರಡು ಚರಣಗಳಲ್ಲಿ ಕ್ರಿಯಾಪದವೇ ಸಾಲನ್ನು ಮುಗಿಸುವುದಿಲ್ಲ. ಇದರಲ್ಲಿ, ಅದರಲ್ಲಿ ಎಂದು ಸಪ್ತಮಿ ವಿಭಕ್ತಿಯ ಪದಗಳೇ ಒಂದರ ಮೇಲೊಂದು ಬಂದು ಸೇರುತ್ತವೆ. ಕೇಳುವವನು ‘ಅಲ್ಲೆಲ್ಲ ಏನು?’ ಎಂದು ಕಾಯುತ್ತಿರುವಾಗ ಪಲ್ಲವಿ ಬಂದು ಉತ್ತರ ಕೊಡುತ್ತದೆ. ಒಬ್ಬ ಚರಣ ಹಾಡಿ ಹತ್ತು ಜನ ಪಲ್ಲವಿಗೆ ದನಿಗೂಡಿಸಲು ಇದಕ್ಕಿಂತ ಅನುಕೂಲವಾದ ವಾಕ್ಯರಚನೆ ಇನ್ನೊಂದಿಲ್ಲ. ಸಾಲುಗಳು ಹೆಚ್ಚಾಗಿ 12 ಮಾತ್ರೆಯವು, ಬಹುತೇಕ ಆರಾರರ ಎರಡು ಪಾಲಾಗಿ ಒಡೆಯುತ್ತವೆ. ಕಲಿಯದ ಕಂಠವೂ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ತಾನಾಗಿ ತಿಳಿಯುತ್ತದೆ. ಜಲಪಾತ, ಹೊಳೆ, ಕಾಡಿನ ಮರಗಳ ಜೊತೆಗೆ ಸಹ್ಯಾದ್ರಿಯ ಅದಿರೂ ಪಟ್ಟಿಯಲ್ಲಿದೆ. ನಿಸಾರರು ಭೂವಿಜ್ಞಾನದ ಅಧ್ಯಾಪಕರು, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದವರು. ನಾಡನ್ನು ಹೊಗಳುವ ಪದ್ಯದೊಳಕ್ಕೆ ಅದಿರನ್ನು ಕರೆದು ಕೂರಿಸುವುದು ಅಂಥ ಕಣ್ಣಿಗೆ ಸಹಜ.

ಎರಡನೆಯ ಚರಣ ಇತಿಹಾಸದ್ದು. ಅಲ್ಲಿ ಸಿಂಹಾಸನಗಳಿವೆ, ಶಾಸನಗಳಿವೆ, ಓಲೆಗರಿಗಳೂ ಗುಡಿಯ ಗೋಡೆಗಳೂ ಇವೆ. ಆದರೆ ಒಬ್ಬ ರಾಜನ ಹೆಸರಿಲ್ಲ, ಒಂದು ರಾಜವಂಶದ ಹೆಸರಿಲ್ಲ, ಒಬ್ಬ ಗುರುವಿನ ಹೆಸರೂ ಇಲ್ಲ. ಇದು ಕವಿತೆಯ ಬಹಳ ದೊಡ್ಡ ಶಕ್ತಿ. ಕುವೆಂಪು ಅವರ ಗೀತೆಯನ್ನು 2004ರಲ್ಲಿ ಸರ್ಕಾರ ನಾಡಗೀತೆ ಎಂದು ಸಾರಿದಾಗ, ಅದರ ಸಾಲುಗಳಲ್ಲಿ ಯಾವ ಆಚಾರ್ಯರ ಹೆಸರಿದೆ, ಯಾರದು ಬಿಟ್ಟುಹೋಗಿದೆ ಎಂಬ ಚರ್ಚೆ ಎದ್ದದ್ದು ನೆನಪಿರಬಹುದು. ಯಾರನ್ನೂ ಹೆಸರಿಸದ ನಿಸಾರರ ಕವಿತೆಯಿಂದ ಯಾರೂ ಹೊರಗುಳಿಯಲಿಲ್ಲ. ಕಾಲವೂ ಕೂಡಿಬಂತು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಹೊಸ ಹೆಸರಿನ ರಾಜ್ಯಕ್ಕೆ ಆಗ ಅಧಿಕೃತ ಗೀತೆ ಇರಲಿಲ್ಲ, ರಾಜ್ಯೋತ್ಸವದ ಪೆಂಡಾಲುಗಳಿಗೆ ಹಾಡು ಬೇಕಿತ್ತು. 1982ರ ಗೋಕಾಕ್ ಚಳವಳಿಯ ಹೊತ್ತಿಗೆ ಆ ಕ್ಯಾಸೆಟ್ ಬಂದು ನಾಲ್ಕು ವರ್ಷವಾಗಿತ್ತು.

ಈ ಹಾಡನ್ನು ಬರಮಾಡಿಕೊಳ್ಳಲು ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳು ಎಂದೋ ಸಿದ್ಧವಾಗಿದ್ದವು. ಚಾಮರಾಜಪೇಟೆಯಲ್ಲಿ 1915ರಿಂದ ಬಂದ ಕನ್ನಡ ಸಾಹಿತ್ಯ ಪರಿಷತ್ತು ಇತ್ತು. ಕಾವ್ಯವನ್ನು ದನಿಯೆತ್ತಿ ಓದುವ ಗಮಕಕ್ಕೆ ಅಲ್ಲಿ ಮೊದಲಿಂದಲೂ ಮನ್ನಣೆ. ಅದೇ ಪೇಟೆಯ ಕೋಟೆ ಪ್ರೌಢಶಾಲೆ ಮೈದಾನದಲ್ಲಿ 1939ರಲ್ಲಿ ಶುರುವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಕಛೇರಿಗಳು. ಕೃಷ್ಣರಾಜೇಂದ್ರ ರಸ್ತೆಯಲ್ಲಿ 1905ರ ಗಾಯನ ಸಮಾಜ. ಎ.ಪಿ.ಎಸ್. ಕಾಲೇಜಿನ ಮೈದಾನದಲ್ಲೂ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲೂ ಗಣೇಶನ ಪೆಂಡಾಲುಗಳು. ಸಂಜೆ ಊಟಕ್ಕೆ ಮುಂಚೆ ಮನೆಮಂದಿಯೆಲ್ಲ ಹೋಗಿ ಕೂತು ಹಾಡು ಕೇಳುವ ಅಭ್ಯಾಸ ಈ ಬೀದಿಗಳಿಗೆ ಆಗಲೇ ಮೂರು ತಲೆಮಾರಿನದು. ಕವಿಗೂ ಈ ಬೀದಿಗಳು ಹೊಸವಲ್ಲ. ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ನಿಸಾರರ ಮೊದಲ ಸಂಕಲನದ ಹೆಸರೇ ‘ಮನಸು ಗಾಂಧಿ ಬಜಾರು’ (1960). ಬಸವನಗುಡಿಯ ಹೂವು ಹಣ್ಣಿನ ಬೀದಿಯನ್ನು ಮನಸ್ಸಿಗೆ ರೂಪಕವಾಗಿಸಿ ಕಾವ್ಯಲೋಕಕ್ಕೆ ಕಾಲಿಟ್ಟವರು ಅವರು.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ: ಭಾವಗೀತೆ ಎಂಬುದು ಈ ಕೆಲವು ಬಡಾವಣೆಗಳ, ಸಂಬಳದ ನೌಕರಿಯವರ ರುಚಿ, ಅದನ್ನು ನಾಡಿನದೆಂದು ಹೇಳುವುದು ಸರಿಯೇ? ಅರ್ಧ ನಿಜ. ಇದನ್ನು ಕಟ್ಟಿದವರಲ್ಲಿ ಹಲವರು ಬೇರೆ ದುಡಿಮೆಯಿಂದ ಬದುಕಿ ಸಂಜೆ ಹಾಡಿದವರು. ಸಿ. ಅಶ್ವತ್ಥ್ ಐ.ಟಿ.ಐ. ಕಾರ್ಖಾನೆಯ ನೌಕರರು, ಶಿವಮೊಗ್ಗ ಸುಬ್ಬಣ್ಣ ವಕೀಲರು, ನಿಸಾರರು ಮೇಷ್ಟರು. ಆದರೆ ಅವರು ಹಾಡಿದ್ದನ್ನು ನೋಡಬೇಕು. ಅಶ್ವತ್ಥರು ಶಿಶುನಾಳ ಷರೀಫರ ಪದಗಳನ್ನು ಎತ್ತಿಕೊಂಡರು. ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಹಾಡು, ಉತ್ತರ ಕರ್ನಾಟಕದ ಲಾವಣಿಯ ಮಣ್ಣಿನದು. ಹಾಡು ಇಲ್ಲಿ ಸಿದ್ಧವಾಗಿರಬಹುದು, ಅದರ ಬೇರು ಇಲ್ಲಿಗೆ ಸೀಮಿತವಾಗಿರಲಿಲ್ಲ.

ಇದಕ್ಕಿಂತ ತೂಕದ ಆಕ್ಷೇಪಣೆ ಕಾವ್ಯದ ಕಡೆಯಿಂದ ಬರುವಂಥದ್ದು. ಗೋಪಾಲಕೃಷ್ಣ ಅಡಿಗರ ನಂತರದ ನವ್ಯ ಕವಿತೆ ಹಾಡಿನ ಲಯವನ್ನು ಬೇಕೆಂದೇ ಬಿಟ್ಟುಕೊಟ್ಟಿತ್ತು. ಕವಿತೆ ಕಣ್ಣಿನಿಂದ ಓದಿ ಯೋಚಿಸಬೇಕಾದದ್ದು, ರಾಗ ಬಿದ್ದೊಡನೆ ಅರ್ಥದ ಮೊನೆ ಮೊಂಡಾಗುತ್ತದೆ ಎಂಬುದು ಆ ನಿಲುವು. ನಿಸಾರರೂ ನವ್ಯದ ಹೊತ್ತಿನಲ್ಲೇ ಬರೆಯಲು ಕೂತವರು. ‘ನಿತ್ಯೋತ್ಸವ’ದ ಮೂರನೆಯ ಚರಣಕ್ಕೆ ಈ ಮಾತು ಅನ್ವಯಿಸುತ್ತದೆ ಎಂದೇ ನನಗೆ ತೋರುತ್ತದೆ. ಕುಲದ ಹಂಗಿಲ್ಲದ, ಮತ್ಸರವಿಲ್ಲದ ಔದಾರ್ಯ ಈ ನಾಡಿನ ಗುಣ ಎಂದು ಆ ಚರಣ ತಾಯಿಯನ್ನೇ ಕರೆದು ಹೇಳುತ್ತದೆ. ಹೊಗಳಿಕೆಯ ಉಡುಪಿನಲ್ಲಿರುವ ಬೇಡಿಕೆ ಅದು. ಎಪ್ಪತ್ತರ ದಶಕದ ಕರ್ನಾಟಕದಲ್ಲಿ ಒಬ್ಬ ಮುಸ್ಲಿಂ ಕವಿ ಅದನ್ನು ಬರೆದರೆಂಬುದನ್ನು ಮರೆತು ಹಾಡಿದರೆ ಹಾಡು ಬಡವಾಗುತ್ತದೆ. ಧಾಟಿಯ ಉಲ್ಲಾಸದಲ್ಲಿ ಆ ಬೇಡಿಕೆ ಹಲವರ ಕಿವಿ ತಪ್ಪಿಸಿಕೊಂಡಿದೆ. ಆದರೂ ಧಾಟಿ ಇಲ್ಲದಿದ್ದರೆ ಆ ಮಾತು ಎಷ್ಟು ಬಾಯಿಗೆ ಬರುತ್ತಿತ್ತು? ಅರ್ಥ ಪೂರ್ತಿ ಹಿಡಿಯದ ಮಗುವೊಂದು ಅದನ್ನು ಬಾಯಿಪಾಠ ಮಾಡಿಕೊಂಡರೆ ದೊಡ್ಡದಾದ ಮೇಲೆ ಒಂದು ದಿನ ಯೋಚಿಸುವ ಸಾಧ್ಯತೆ ಇದ್ದೇ ಇರುತ್ತದೆ. ಪುಸ್ತಕವನ್ನೇ ತೆರೆಯದವನಿಗೆ ಅದೂ ಇಲ್ಲ.

ಒಂದು ನಷ್ಟವನ್ನು ಮಾತ್ರ ಒಪ್ಪಲೇಬೇಕು. ಕವಿತೆಗೆ ಒಂದೇ ಧಾಟಿ ಎಂಬ ನಂಬಿಕೆ ಬಲಿತ ಮೇಲೆ, ಬೇರೆ ಧಾಟಿ ಕೇಳಿಸಿದರೆ ಅಪಚಾರವಾದಂತೆ ಕಾಣತೊಡಗಿತು. ನಾಡಗೀತೆಯ ಪ್ರಕರಣ ಇದಕ್ಕೆ ಸಾಕ್ಷಿ. ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರ ಧಾಟಿಯೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. ಇಬ್ಬರೂ ಇಲ್ಲವಾದ ಮೇಲೆ, 2022ರಲ್ಲಿ, ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ ಆಲಾಪ, ಪುನರಾವರ್ತನೆ ಇಲ್ಲದೆ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಆದೇಶಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಹೈಕೋರ್ಟ್ 2024ರಲ್ಲಿ ವಜಾ ಮಾಡಿತು. ರಾಷ್ಟ್ರಗೀತೆ, ನಾಡಗೀತೆಗಳಿಗೆ ಇಂಥ ಕಟ್ಟು ಬೇಕಾಗಬಹುದು. ಎಲ್ಲ ಭಾವಗೀತೆಗಳಿಗೂ ಅದನ್ನೇ ಹಚ್ಚಿಕೊಂಡರೆ ದಾಸರ ಪದಗಳಿಗೆ ನೂರಾರು ವರ್ಷ ಇದ್ದ ಸ್ವಾತಂತ್ರ್ಯವನ್ನು ನಾವೇ ಕಳೆದುಕೊಂಡಂತೆ. ನಿಸಾರರನ್ನು ‘ನಿತ್ಯೋತ್ಸವದ ಕವಿ’ ಎಂದಷ್ಟೇ ಕರೆಯುವುದರಲ್ಲೂ ಇದೇ ತೊಂದರೆ. ಅವರು 2006ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 2020ರ ಮೇ 3ರಂದು ತೀರಿಕೊಂಡರು. ಅವರ ಆರು ದಶಕದ ಬರವಣಿಗೆಯಲ್ಲಿ ‘ಕುರಿಗಳು ಸಾರ್ ಕುರಿಗಳು’ ಥರದ ಕಟುವಾದ ಕವಿತೆಗಳಿವೆ, ಇನ್ನೂ ಯಾರೂ ರಾಗ ಹಾಕಲು ಕೈಯಿಡದ ಎಷ್ಟೋ ಸಾಲುಗಳಿವೆ. ಇಂದಿನ ಗಾಯಕರೊಬ್ಬರು ಅವುಗಳಲ್ಲೊಂದನ್ನು ಹಿಡಿದು ಗಾಯನ ಸಮಾಜದ ವೇದಿಕೆಯಲ್ಲಿ ಹಾಡಲಿ. ‘ನಿತ್ಯೋತ್ಸವ’ದ ಮೂರನೆಯ ಚರಣಕ್ಕೇ ನಿಧಾನವಾದ, ಬೇರೆ ಒಂದು ಧಾಟಿ ಹುಡುಕಿ ನೋಡಿದರೂ ಆದೀತು.