ಕೊಳ್ಳುವ ಮನೆಯ ಪರೀಕ್ಷೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮನೆಯನ್ನು ಕೊಂಡು ನೋಡು ಎಂದು ಹಿರಿಯರು ಹೇಳಲಿಲ್ಲ. ಆದರೆ ಕೊಳ್ಳುವವನ ಕಷ್ಟವು ಕಟ್ಟಿಸುವವನ ಕಷ್ಟಕ್ಕಿಂತ ಬೇರೆ ಬಗೆಯದು. ಕಟ್ಟಿಸುವವನು ತಳಪಾಯದ ಆಳವನ್ನೂ ಗಾರೆಯ ಹದವನ್ನೂ ಮರದ ಜಾತಿಯನ್ನೂ ಕಣ್ಣಾರೆ ಕಾಣುತ್ತಾನೆ. ಕೊಳ್ಳುವವನಿಗೆ ಕಾಣುವುದು ಹೊಸದಾಗಿ ಬಳಿದ ಬಣ್ಣವೊಂದೇ.

ಮಡಕೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ತಟ್ಟಿ ನಾದವನ್ನು ಕೇಳುತ್ತಾಳೆ. ಎತ್ತನ್ನು ಕೊಳ್ಳುವ ರೈತನು ಹಲ್ಲು ಹಿಡಿದು ನೋಡುತ್ತಾನೆ. ಇಪ್ಪತ್ತು ವರ್ಷಗಳ ಸಾಲವನ್ನು ತಲೆಯ ಮೇಲೆ ಹೊತ್ತು ಮನೆಯನ್ನು ಕೊಳ್ಳುವ ನಾವಾದರೋ ಒಂದು ಸಂಜೆ ಅರ್ಧ ಗಂಟೆ ಸುತ್ತಾಡಿ ಮುಂಗಡವನ್ನು ಕೊಟ್ಟುಬಿಡುವುದುಂಟು. ಆಯವನ್ನು ಲೆಕ್ಕ ಹಾಕಿಸುವಷ್ಟು ಶ್ರದ್ಧೆಯಿಂದ ಮಾಳಿಗೆಯನ್ನು ಹತ್ತಿ ನೋಡುವವರು ವಿರಳ.

ಕಾನೂನು ನಮ್ಮನ್ನು ಕಾಪಾಡದೆ ಎಂದು ಕೆಲವರು ಕೇಳಬಹುದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣದಂತೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಮಾರುವವನು ತಾನು ಬಲ್ಲ ಮುಖ್ಯ ದೋಷಗಳನ್ನು ತಿಳಿಸಲೇಬೇಕು. ಆದರೆ ಈ ಹೊಣೆಯು ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಂಡುಹಿಡಿಯಲಾಗದ ದೋಷಗಳಿಗೆ ಮಾತ್ರ ಸಲ್ಲುತ್ತದೆ. ಕಣ್ಣಿಟ್ಟು ನೋಡಿದ್ದರೆ ಕಾಣುತ್ತಿದ್ದ ಬಿರುಕಿಗಾಗಿ ಆಮೇಲೆ ದೂರುವುದು ಕಷ್ಟ. 2016ರ ಸ್ಥಿರಾಸ್ತಿ ಕಾಯಿದೆಯು, ಮನೆಯನ್ನು ವಶಕ್ಕೆ ಕೊಟ್ಟ ಐದು ವರ್ಷಗಳೊಳಗೆ ತಿಳಿಸಲಾದ ಕಟ್ಟಡದ ದೋಷಗಳನ್ನು ನಿರ್ಮಾಪಕನೇ ಸರಿಪಡಿಸಬೇಕೆಂದು ವಿಧಿಸಿತು. ಆದರೆ ಹಳೆಯ ಮನೆಯನ್ನು ಅದರ ಒಡೆಯನಿಂದ ಕೊಳ್ಳುವಾಗ ಈ ಆಸರೆ ದೊರೆಯುವುದಿಲ್ಲ. ಬ್ಯಾಂಕಿನವರು ಕಳುಹಿಸುವ ಇಂಜಿನಿಯರು ನೋಡಿದ್ದಾರಲ್ಲ ಎಂದು ನೆಚ್ಚುವುದೂ ತಪ್ಪು. ಕೊಟ್ಟ ಸಾಲಕ್ಕೆ ಆ ಮನೆ ಸಾಕಷ್ಟು ಈಡಾದೀತೇ ಎಂಬುದು ಅವರ ಪ್ರಶ್ನೆ. ನಮ್ಮ ಮಕ್ಕಳು ಅದರಲ್ಲಿ ನಿರ್ಭಯವಾಗಿ ಮಲಗಬಹುದೇ ಎಂಬುದು ನಮ್ಮದು.

ಪರೀಕ್ಷೆಯೆಂದರೇನೆಂಬುದನ್ನು ಈಗ ನೋಡೋಣ. ಮೊದಲನೆಯದು ತೇವ. ಗೋಡೆಯ ಕಲೆಯನ್ನು ಕಂಡರೆ ಸಾಲದು. ನೀರು ಎಲ್ಲಿಂದ ಬಂದಿತೆಂದು ತಿಳಿಯಬೇಕು. ಚಾವಣಿಯಲ್ಲಿ ಕಂಡರೆ ಮಳೆಯ ನೀರು ಮಾಳಿಗೆಯ ಮೇಲೆ ನಿಲ್ಲುತ್ತಿರಬಹುದು. ಸ್ನಾನದ ಮನೆಯ ಹೊರಗೋಡೆಯಲ್ಲಿ ಕಂಡರೆ ಒಳಗಿನ ಕೊಳವೆ ಸೋರುತ್ತಿರಬಹುದು. ನೆಲದಿಂದ ಮೇಲಕ್ಕೆ ಸುಮಾರು ಸೊಂಟದೆತ್ತರದವರೆಗೆ ಹಬ್ಬಿ, ಅಂಚಿನಲ್ಲಿ ಬಿಳಿಯ ಉಪ್ಪು ಹೊರಬಂದಿದ್ದರೆ, ಅದು ಭೂಮಿಯ ತೇವವನ್ನು ಗೋಡೆಯೇ ಹೀರುತ್ತಿರುವ ಲಕ್ಷಣ. ಕೊಳವೆಯ ರಿಪೇರಿ ಅಗ್ಗ; ಕೊನೆಯ ರೋಗಕ್ಕೆ ಚಿಕಿತ್ಸೆ ದುಬಾರಿ. ಒಂದು ಕೋಣೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಲೇಸು. ಆದಷ್ಟೂ ಮಳೆ ಬಂದ ಮರುದಿನ ಮನೆಯನ್ನು ನೋಡಬೇಕು.

ಎರಡನೆಯದು ಬಿರುಕು. ಗಾರೆಯ ಮೇಲಿನ ಕೂದಲೆಳೆಯ ಗೆರೆಗಳು ಸಾಮಾನ್ಯವಾಗಿ ಅಪಾಯಕರವಲ್ಲ. ಕಿಟಕಿಯ ಮೂಲೆಯಿಂದ ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲಿನಂತೆ ಓರೆಯಾಗಿ ಏರುವ ಬಿರುಕು ತಳಪಾಯವು ಕುಸಿದುದನ್ನು ಸೂಚಿಸಬಹುದು. ಧಾರವಾಡ, ಗದಗ, ವಿಜಯಪುರಗಳ ಎರೆಯ ನೆಲವು ನೀರು ಕುಡಿದು ಉಬ್ಬಿ, ಬೇಸಗೆಯಲ್ಲಿ ಕುಗ್ಗುವುದರಿಂದ ಅಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಬಿರುಕಿನ ಅಡ್ಡಲಾಗಿ ತೆಳುವಾದ ಗಾಜಿನ ತುಂಡೊಂದನ್ನು ಗಾರೆಯಿಂದ ಅಂಟಿಸಿ ದಿನಾಂಕವನ್ನು ಬರೆದಿಡುವುದುಂಟು. ಕೆಲವು ವಾರಗಳಲ್ಲಿ ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆಯೆಂದು ತಿಳಿಯಬೇಕು.

ಮೂರನೆಯದು ಮರ ಮತ್ತು ಕಬ್ಬಿಣ. ಹಳೆಯ ಮದರಾಸು ತಾರಸಿಯ ಮನೆಗಳಲ್ಲಿ ತೊಲೆಯು ಗೋಡೆಯನ್ನು ಹೊಗುವ ತುದಿಗೆ ತೇವ ತಗಲಿ ಕೊಳೆಯುವ ಭಯವು ಹೆಚ್ಚು. ಬಾಗಿಲಿನ ಚೌಕಟ್ಟನ್ನು ತಟ್ಟಿದಾಗ ಟೊಳ್ಳು ನಾದ ಬಂದರೆ ಗೆದ್ದಲನ್ನು ಶಂಕಿಸಬೇಕು. ಕಾಂಕ್ರೀಟಿನ ಚಾವಣಿಯಲ್ಲಿ ಸರಳಿನ ಉದ್ದಕ್ಕೂ ಕಂದುಬಣ್ಣದ ಗೆರೆ ಮೂಡಿದ್ದರೆ ಒಳಗಿನ ಕಬ್ಬಿಣವು ತುಕ್ಕು ಹಿಡಿದಿರಬಹುದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟನ್ನು ಸೀಳಿ ಕೆಡವುತ್ತದೆ.

ಕಟ್ಟಡದಂತೆ ಕಾಗದಪತ್ರಗಳಿಗೂ ಪರೀಕ್ಷೆ ಬೇಕು. ಋಣಭಾರ ಪತ್ರವು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ಹೇಳುತ್ತದೆ. ಬಾಯಿಮಾತಿನ ಬಾಡಿಗೆಯಾಗಲಿ ನಡೆಯುತ್ತಿರುವ ವ್ಯಾಜ್ಯವಾಗಲಿ ಅದರಲ್ಲಿ ಕಾಣದೆ ಇರಬಹುದು. ಕ್ರಯಪತ್ರದ ಚೆಕ್ಕುಬಂದಿಯನ್ನು ಹಿಡಿದುಕೊಂಡು ನಿವೇಶನವನ್ನು ಅಳೆಯಿಸಬೇಕು. ಗ್ರಾಮ ನಕ್ಷೆಯಲ್ಲಿ ಅಲ್ಲಿ ಕೆರೆ ಕಾಲುವೆಗಳಿದ್ದವೇ ಎಂದು ನೋಡಬೇಕು. 2016ರ ಆಗಸ್ಟಿನಲ್ಲಿ ಬೆಂಗಳೂರಿನ ರಾಜಕಾಲುವೆಗಳ ಮೇಲಿದ್ದವೆಂದು ಕೆಲವು ಮನೆಗಳನ್ನು ಕೆಡವಿದಾಗ, ಹಣ ಕೊಟ್ಟು ಕೊಂಡ ಸಂಸಾರಗಳೂ ಬೀದಿಗೆ ಬಿದ್ದುವು.

ಇದೆಲ್ಲವನ್ನೂ ಒಬ್ಬರೇ ಮಾಡಲಾರೆವು. ಕಟ್ಟಡಕ್ಕೆ ಅನುಭವಸ್ಥನಾದ ಸಿವಿಲ್ ಇಂಜಿನಿಯರನ್ನೂ ಪತ್ರಗಳಿಗೆ ವಕೀಲನನ್ನೂ ನೇಮಿಸಿಕೊಳ್ಳಬೇಕು. ಅವರು ನಮ್ಮಿಂದ ಸಂಭಾವನೆ ಪಡೆಯುವವರಾಗಿರಬೇಕೇ ಹೊರತು ದಲ್ಲಾಳಿಯ ಕಡೆಯವರಾಗಿರಬಾರದು. ವರದಿಯು ಬರಹದಲ್ಲಿರಬೇಕು, ಮುಂಗಡ ಕೊಡುವುದಕ್ಕೆ ಮೊದಲೇ ಕೈಸೇರಬೇಕು. ಇಂಜಿನಿಯರನೂ ಗೋಡೆಯೊಳಗನ್ನು ಪೂರ್ತಿಯಾಗಿ ಕಾಣಲಾರನು. ನೋಡಲಾಗದ ಭಾಗಗಳಾವುವೆಂಬುದನ್ನೂ ಆತನಿಂದ ಬರೆಯಿಸಿಕೊಳ್ಳುವುದು ಒಳ್ಳೆಯದು.

ದೋಷವಿಲ್ಲದ ಮನೆಯನ್ನು ಹುಡುಕುವುದು ಇದರ ಉದ್ದೇಶವಲ್ಲ. ಅಂಥ ಮನೆ ದೊರೆಯುವುದೂ ಕಷ್ಟ. ದೋಷವು ಎಷ್ಟರದು, ಅದನ್ನು ತಿದ್ದಲು ಎಷ್ಟು ಹಣ ಬೇಕು ಎಂದು ತಿಳಿದರೆ, ಅಷ್ಟನ್ನು ಕ್ರಯದಲ್ಲಿ ಇಳಿಸೆಂದು ಕೇಳಬಹುದು, ಮಾರುವವನಿಂದಲೇ ರಿಪೇರಿ ಮಾಡಿಸಬಹುದು, ಅಥವಾ ನಮಸ್ಕಾರ ಹೇಳಿ ಹಿಂದಿರುಗಬಹುದು. ನೋಂದಣಿಯಾದ ಮೇಲೆ ಈ ಮೂರು ದಾರಿಗಳೂ ಬಹುಮಟ್ಟಿಗೆ ಮುಚ್ಚಿಹೋಗುತ್ತವೆ.