ಸಿಂಕ್ ಆಗಿದೆಯಲ್ಲ, ಇನ್ನೇನು ಭಯ?

ವರ್ಷಗಟ್ಟಲೆ ಕೂಡಿಟ್ಟಿದ್ದ ಬುಕ್‌ಮಾರ್ಕ್‌ಗಳನ್ನು ನಾನು ಕಳೆದುಕೊಂಡದ್ದು ಬಸ್ಸಿನಲ್ಲಿ, ಮೆಜೆಸ್ಟಿಕ್ ತಲುಪುವುದರೊಳಗೆ. ಫೋನಿನಲ್ಲಿ ಜಾಗ ಇಲ್ಲವೆಂದು ಕೂತಲ್ಲೇ ಏನೇನೋ ಅಳಿಸುತ್ತಿದ್ದೆ. ಬ್ರೌಸರಿನ ಒಂದು ದೊಡ್ಡ ಫೋಲ್ಡರೂ ಆ ಭರದಲ್ಲಿ ಹೋಯಿತು. ಹೋಗಲಿ ಬಿಡು, ಮನೆಯ ಲ್ಯಾಪ್‌ಟಾಪ್‌ನಲ್ಲಿ ಇದ್ದೇ ಇದೆ ಎಂದುಕೊಂಡೆ. ರಾತ್ರಿ ಲ್ಯಾಪ್‌ಟಾಪ್ ತೆರೆದಾಗ ಫೋಲ್ಡರ್ ಕಣ್ಣೆದುರಿಗೇ ಇತ್ತು. ಮೌಸ್ ಅದರ ಹತ್ತಿರ ಹೋಗುವಷ್ಟರಲ್ಲಿ ಮಾಯ. ಸಿಂಕ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿತ್ತು.

ಅದನ್ನು ಬೈದು ಪ್ರಯೋಜನವಿಲ್ಲ. ತಪ್ಪು ತಿಳಿದುಕೊಂಡಿದ್ದವನು ನಾನು.

"ಸಿಂಕ್ ಮಾಡಿದರೆ ಬ್ಯಾಕಪ್ ಆದ ಹಾಗೆಯೇ"

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಇದು. ನಿಜವೇನೆಂದರೆ ಸಿಂಕ್‌ಗೆ ಗೊತ್ತಿರುವುದು ಒಂದೇ ಕೆಲಸ: ನಿಮ್ಮ ಫೋನು, ಲ್ಯಾಪ್‌ಟಾಪು, ಆಫೀಸಿನ ಕಂಪ್ಯೂಟರು, ಮೂರರಲ್ಲೂ ಈ ಹೊತ್ತು ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದು. ಅದು ನಾಲೆ, ಕಣಜವಲ್ಲ. ಮೇಲ್ಗಡೆ ಬಿಟ್ಟದ್ದು ನೀರಾದರೂ ಸರಿ, ಕೊಳೆಯಾದರೂ ಸರಿ, ಕೊನೆಯ ಗದ್ದೆಯವರೆಗೆ ಹರಿಸುತ್ತದೆ. ಸೇರಿಸಿದ್ದು ಒಂದು ಬದಲಾವಣೆಯಾದರೆ ಅಳಿಸಿದ್ದೂ ಒಂದು ಬದಲಾವಣೆ.

ಇದರ ಒಳಗೊಂದು ಸ್ವಾರಸ್ಯವಿದೆ. ನೀವು ಅಳಿಸಿದ ಬುಕ್‌ಮಾರ್ಕನ್ನು ಸರ್ವರಿನಿಂದ ಸುಮ್ಮನೆ ಕಿತ್ತುಹಾಕಿದರೆ ಏನಾದೀತು? ಹಳೆಯ ಪ್ರತಿ ಇಟ್ಟುಕೊಂಡು ಮಲಗಿದ್ದ ಲ್ಯಾಪ್‌ಟಾಪ್ ಎದ್ದು, "ಇದು ಸರ್ವರಿನಲ್ಲಿ ಇಲ್ಲ, ಹೊಸದಿರಬೇಕು" ಎಂದು ಮತ್ತೆ ಮೇಲೇರಿಸುತ್ತದೆ. ಅಳಿಸಿದ್ದೆಲ್ಲ ದೆವ್ವದ ಹಾಗೆ ತಿರುಗಿ ಬರುತ್ತದೆ. ಹಾಗಾಗದಿರಲೆಂದು, ಅಳಿಸಿದ ಜಾಗದಲ್ಲಿ "ಈ ಗುರುತಿನದು ಸತ್ತಿದೆ" ಎಂಬ ಪುಟ್ಟ ದಾಖಲೆ ಉಳಿಸುತ್ತಾರೆ. ಎಂಜಿನಿಯರುಗಳು ಅದನ್ನು ಕರೆಯುವುದೇ ಟೂಂಬ್‌ಸ್ಟೋನ್, ಅಂದರೆ ಗೋರಿಕಲ್ಲು, ಎಂದು. ಉಳಿದ ಸಾಧನಗಳು ಆ ಕಲ್ಲನ್ನು ಓದಿ ತಮ್ಮಲ್ಲಿರುವ ಪ್ರತಿಯನ್ನೂ ಅಳಿಸುತ್ತವೆ. ಆ ರಾತ್ರಿ ನನ್ನ ಕಣ್ಣೆದುರು ನಡೆದದ್ದು ಇದೇ.

ನಕಲನ್ನೇ ಬ್ಯಾಕಪ್ ಎಂದು ನಂಬಿ ಮುಳುಗಿದವರಲ್ಲಿ ಪರಿಣತರೂ ಇದ್ದಾರೆ. ಮ್ಯಾಗ್ನೋಲಿಯಾ ಎಂಬ ಬುಕ್‌ಮಾರ್ಕ್ ತಾಣವೊಂದಿತ್ತು, ಲ್ಯಾರಿ ಹಾಫ್ ಎಂಬವರು ನಡೆಸುತ್ತಿದ್ದದ್ದು. 2009ರ ಜನವರಿ 30ರಂದು ಅದರ ಸುಮಾರು ಅರ್ಧ ಟೆರಾಬೈಟಿನ ಡೇಟಾಬೇಸ್ ಕೆಟ್ಟಿತು. ಬ್ಯಾಕಪ್ ಇತ್ತು. ಆದರೆ ಅದು ಡೇಟಾಬೇಸ್ ಫೈಲನ್ನು ಇದ್ದಂತೆಯೇ ಇನ್ನೊಂದೆಡೆಗೆ ಸಿಂಕ್ ಮಾಡುವ ವ್ಯವಸ್ಥೆಯಾಗಿತ್ತು. ಮೂಲ ಕೆಟ್ಟಾಗ ಕೆಟ್ಟದ್ದೇ ಅಲ್ಲಿಗೂ ಹೋಗಿ ಕೂತಿತ್ತು. ಜಗತ್ತಿನ ಬುಕ್‌ಮಾರ್ಕ್‌ಗಳನ್ನು ಕಾಯುತ್ತೇವೆಂದು ಹೊರಟ ತಾಣಕ್ಕೇ ಈ ಗತಿ.

"ನಮ್ಮ ಹತ್ತಿರ ಹೋದರೂ ಕಂಪನಿಯ ಸರ್ವರಿನಲ್ಲಿ ಇದ್ದೇ ಇರುತ್ತೆ"

ಇರುತ್ತದೆ, ಆದರೆ ನೀವು ಅಂದುಕೊಂಡ ರೀತಿಯಲ್ಲಿ ಅಲ್ಲ. ಫೈರ್‌ಫಾಕ್ಸನ್ನೇ ತೆಗೆದುಕೊಳ್ಳಿ. ಅದರ ಸಿಂಕ್ ಡೇಟಾ ನಿಮ್ಮ ಯಂತ್ರದಲ್ಲೇ ಬೀಗ ಹಾಕಿಕೊಂಡು ಸರ್ವರಿಗೆ ಹೋಗುತ್ತದೆ. ಆ ಬೀಗದ ಕೈ ಹುಟ್ಟುವುದು ನಿಮ್ಮ ಪಾಸ್‌ವರ್ಡಿನಿಂದ, ಮೊಜಿಲ್ಲಾದವರಿಗೂ ಒಳಗಿರುವುದು ಕಾಣದು. ಗೌಪ್ಯತೆಯ ದೃಷ್ಟಿಯಿಂದ ಇದು ತುಂಬ ಒಳ್ಳೆಯ ಏರ್ಪಾಡು. ಆದರೆ ಪಾಸ್‌ವರ್ಡ್ ಮರೆತು ರೀಸೆಟ್ ಮಾಡಿದಿರೋ, ಮೊದಲೇ ರಿಕವರಿ ಕೀ ತೆಗೆದಿಟ್ಟುಕೊಂಡಿರದಿದ್ದರೆ ಸರ್ವರಿನಲ್ಲಿದ್ದದ್ದು ಅಳಿಸಿಹೋಗುತ್ತದೆ. ತೆರೆಯಲಾಗದ ಪೆಟ್ಟಿಗೆ ಇಟ್ಟುಕೊಂಡು ಮಾಡುವುದೇನು? ಬೇರೊಂದು ಯಂತ್ರದಲ್ಲಿ ಪ್ರತಿ ಇದ್ದರೆ ಅಲ್ಲಿಂದ ಮತ್ತೆ ತುಂಬುತ್ತದೆ. ಇದ್ದದ್ದು ಒಂದೇ ಫೋನು, ಅದೂ ಕಳವಾಯಿತು, ಪಾಸ್‌ವರ್ಡೂ ನೆನಪಿಲ್ಲ ಎಂದರೆ ಅಲ್ಲಿಗೆ ಕಥೆ ಮುಗಿಯಿತು. ಸಿಂಕ್ ಬ್ಯಾಕಪ್ ಸೇವೆಯಲ್ಲ ಎಂದು ಮೊಜಿಲ್ಲಾ ತನ್ನ ಸಹಾಯ ಪುಟಗಳಲ್ಲೇ ಹೇಳಿದೆ. ಓದುವವರು ಯಾರು! ಕ್ರೋಮ್‌ನಲ್ಲೂ ಸಿಂಕ್‌ಗೆ ಸ್ವಂತ ಪಾಸ್‌ಫ್ರೇಸ್ ಹಾಕಿ ಮರೆತರೆ ಸರ್ವರಿನ ಡೇಟಾ ಅಳಿಸಿಯೇ ಹೊಸದಾಗಿ ಶುರು ಮಾಡಬೇಕು.

ನಮ್ಮೂರ ಕಡೆ ಇದಕ್ಕೆ ಇನ್ನೊಂದು ಕೊಂಡಿ ಸೇರಿಕೊಂಡಿದೆ: ಸಿಮ್. ಅಕೌಂಟ್ ಮಾಡಿಕೊಡುವಾಗ ಮೊಬೈಲ್ ಅಂಗಡಿಯವರು ಹಾಕಿದ ನಂಬರು ಈಗ ಯಾರ ಬಳಿ ಇದೆಯೋ. ಪ್ರೀಪೇಡ್ ನಂಬರನ್ನು 90 ದಿನ ಬಳಸದೆ ಬಿಟ್ಟರೆ ಕಂಪನಿ ಅದನ್ನು ನಿಲ್ಲಿಸಬಹುದು. ಮುಂದೆ ಅದು ಬೇರೆಯವರ ಪಾಲಾಗುತ್ತದೆ, ನಿಮ್ಮ ಒಟಿಪಿ ಅವರ ಫೋನಿಗೆ ಹೋಗುತ್ತದೆ. ಜೊತೆಗೆ, 2 ವರ್ಷ ಬಳಸದ ಗೂಗಲ್ ಅಕೌಂಟನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿದೆ.

"ಅಷ್ಟು ದೊಡ್ಡ ಕಂಪನಿ, ಅದಕ್ಕೇನಾಗುತ್ತೆ?"

ಕಂಪನಿಗೆ ಏನೂ ಆಗುವುದಿಲ್ಲ, ಸೇವೆಗೆ ಆಗುತ್ತದೆ. 2005ರಲ್ಲಿ ಶುರುವಾದ ಗೂಗಲ್ ಬುಕ್‌ಮಾರ್ಕ್ಸ್ 2021ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಬೇರೆ ಬೇರೆ ಬ್ರೌಸರುಗಳ ನಡುವೆ ಸಿಂಕ್ ಮಾಡುತ್ತಿದ್ದ ಎಕ್ಸ್‌ಮಾರ್ಕ್ಸ್ 2018ರ ಮೇ 1ಕ್ಕೆ ನಿಂತಿತು. ಆಮೇಲೆ ಓದಲೆಂದು ಪುಟಗಳನ್ನು ಉಳಿಸಿಡುತ್ತಿದ್ದ, ಮೊಜಿಲ್ಲಾ ಕೈಗೆ ಬಂದಿದ್ದ ಪಾಕೆಟ್ 2025ರ ಜುಲೈನಲ್ಲಿ ಬಾಗಿಲು ಹಾಕಿತು. ಲಿನಕ್ಸ್‌ನಲ್ಲಿ ಕ್ರೋಮಿನ ಮುಕ್ತ ರೂಪವಾದ ಕ್ರೋಮಿಯಂ ಬಳಸುತ್ತಿದ್ದವರಿಗಂತೂ, 2021ರ ಮಾರ್ಚ್ 15ರಿಂದ ನಿಮಗೆ ನಮ್ಮ ಸಿಂಕ್ ಇಲ್ಲ ಎಂದೇ ಗೂಗಲ್ ಹೇಳಿತು. ಡೇಟಾ ಎಲ್ಲೂ ಹೋಗಿರಲಿಲ್ಲ, ದಾರಿ ಮುಚ್ಚಿತ್ತು ಅಷ್ಟೆ.

2024ರ ಜುಲೈ 24, 25ರ ಪ್ರಸಂಗವೂ ಆ ಜಾತಿಯದೇ. ವಿಂಡೋಸ್‌ನ ಹೊಸ ಕ್ರೋಮ್ ಆವೃತ್ತಿಯ ದೋಷದಿಂದ ಬಹಳ ಮಂದಿಗೆ ತಾವು ಉಳಿಸಿದ್ದ ಪಾಸ್‌ವರ್ಡ್‌ಗಳು ಸುಮಾರು 18 ಗಂಟೆ ಕಾಣಲೇ ಇಲ್ಲ. ಆಮೇಲೆ ಕಂಡವು. ಆದರೆ ಅಷ್ಟರೊಳಗೆ ಅರ್ಜಿಯೊಂದರ ಕೊನೆಯ ದಿನ ಬಂದಿದ್ದರೆ?

"ಬ್ಯಾಕಪ್ ಎಲ್ಲ ಕಂಪ್ಯೂಟರ್ ಕಲಿತವರಿಗೆ"

ಇದು ಬರೀ ಸೋಮಾರಿತನದ ಮಾತು. ಕ್ರೋಮ್ ಇರಲಿ, ವಿಂಡೋಸ್‌ನ ಫೈರ್‌ಫಾಕ್ಸ್ ಇರಲಿ, ಕಂಟ್ರೋಲ್, ಶಿಫ್ಟ್ ಮತ್ತು ಓ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬುಕ್‌ಮಾರ್ಕ್‌ಗಳ ಪಟ್ಟಿ ತೆರೆಯುತ್ತದೆ. ಅಲ್ಲಿಯ ಮೆನುವಿನಲ್ಲಿ ಎಕ್ಸ್‌ಪೋರ್ಟ್ ಇದೆ. ಒಂದು ಎಚ್‌ಟಿಎಂಎಲ್ ಫೈಲ್ ಸಿಗುತ್ತದೆ, ಅದನ್ನು ಪೆನ್‌ಡ್ರೈವಿಗೆ ಹಾಕಿಡಿ. ಆ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಮೊದಲ ಸಾಲಿನಲ್ಲೇ ನೆಟ್‌ಸ್ಕೇಪ್ ಹೆಸರು ಕಾಣುತ್ತದೆ. ಆ ಬ್ರೌಸರಿಗೆ ಬೆಂಬಲ ನಿಂತದ್ದು 2008ರಲ್ಲಿ. ಅದು ಬಿಟ್ಟುಹೋದ ಪಟ್ಟಿಯ ಮಾದರಿಯನ್ನು ಈಗಲೂ ಎಲ್ಲ ಬ್ರೌಸರುಗಳೂ ಓದುತ್ತವೆ.

ಪಾಸ್‌ವರ್ಡ್‌ಗಳ ವಿಷಯ ಮಾತ್ರ ಬೇರೆ. ಅವು ಸಿಎಸ್‌ವಿ ಫೈಲಾಗಿ ಹೊರಬರುತ್ತವೆ, ಅದರಲ್ಲಿ ಎಲ್ಲವೂ ಬಿಚ್ಚಿದ ಅಕ್ಷರ. ಸೈಬರ್ ಸೆಂಟರಿನ ಕಂಪ್ಯೂಟರಿನಲ್ಲಿ ಆ ಕೆಲಸ ಮಾಡಬೇಡಿ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಲೂ ಬೇಡಿ.

"ಅಳಿಸಿದ್ದು ಅಳಿಸಿತು, ಇನ್ನು ಮುಗಿಯಿತು"

ತಕ್ಷಣ ಎಚ್ಚೆತ್ತರೆ ಮುಗಿದಿರುವುದಿಲ್ಲ. ಕ್ರೋಮ್‌ನ ಆ ಪಟ್ಟಿಯಲ್ಲೇ ಕಂಟ್ರೋಲ್ ಮತ್ತು ಜ಼ೆಡ್ ಒತ್ತಿದರೆ ಆಗಷ್ಟೇ ಅಳಿಸಿದ್ದು ಮರಳುತ್ತದೆ. ಕಂಪ್ಯೂಟರಿನ ಫೈರ್‌ಫಾಕ್ಸ್ ನಿಮಗೆ ಹೇಳದೆಯೇ ಬುಕ್‌ಮಾರ್ಕ್‌ಗಳ ಕೆಲವು ಹಿಂದಿನ ಪ್ರತಿಗಳನ್ನು ತಾರೀಖಿನೊಂದಿಗೆ ಇಟ್ಟಿರುತ್ತದೆ. ರಿಸ್ಟೋರ್ ಎಂಬಲ್ಲಿ ಸಿಗುತ್ತವೆ, ಆದರೆ ಹಳೆಯದನ್ನು ತಂದರೆ ಈಗಿರುವ ಪಟ್ಟಿ ಪೂರ್ತಿ ಹೋಗುತ್ತದೆ ಎಂಬುದು ನೆನಪಿರಲಿ. ಇನ್ನೂ ತೆರೆಯದ ಎರಡನೆಯ ಯಂತ್ರ ಇದ್ದರೆ, ಮೊದಲು ಮನೆಯ ವೈಫೈ ಆರಿಸಿ, ಆಮೇಲೆ ಬ್ರೌಸರ್ ತೆರೆದು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಗೋರಿಕಲ್ಲಿನ ಸುದ್ದಿ ಅಲ್ಲಿಗೆ ಮುಟ್ಟಿರುವುದಿಲ್ಲ. ಆ ರಾತ್ರಿ ನನಗೆ ಇಷ್ಟು ತಿಳಿದಿದ್ದರೆ ಸಾಕಿತ್ತು.

ಹಿಸ್ಟರಿ ನೋಡಿ ಹುಡುಕಿಕೊಳ್ಳೋಣ ಎಂದರೆ, ಕ್ರೋಮ್‌ನ ಹಿಸ್ಟರಿ ಪುಟ ತೋರಿಸುವುದು 90 ದಿನಗಳದ್ದು ಮಾತ್ರ.

"ಬುಕ್‌ಮಾರ್ಕ್ ಇದ್ದರೆ ಪುಟ ಇದ್ದಂತೆ"

ಲ್ಯಾಪ್‌ಟಾಪ್ ಬದಲಿಸುವಾಗ ಯಾವಾಗಲೋ ತೆಗೆದಿಟ್ಟಿದ್ದ ಹಳೆಯ ಎಚ್‌ಟಿಎಂಎಲ್ ಫೈಲೊಂದು ಕೊನೆಗೆ ಮೇಜಿನ ಖಾನೆಯ ಪೆನ್‌ಡ್ರೈವಿನಲ್ಲಿ ಸಿಕ್ಕಿತು. ಹಿಗ್ಗಿನಿಂದ ಒಂದೊಂದೇ ಕೊಂಡಿ ಒತ್ತುತ್ತ ಹೋದೆ. ಎಷ್ಟೋ ಕಡೆ ಪುಟವೇ ಇಲ್ಲ. ಬುಕ್‌ಮಾರ್ಕ್ ಎಂದರೆ ವಿಳಾಸದ ಚೀಟಿ, ಮನೆ ಕೆಡವಿದ್ದು ಚೀಟಿಗೆ ಹೇಗೆ ಗೊತ್ತಾಗಬೇಕು? ಕೆಲವು ಪುಟಗಳ ಹಳೆಯ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ದೊರೆತವು. ಯಾರೋ ಪುಣ್ಯಾತ್ಮರು ಅಳತೆ ಸಮೇತ ಬರೆದಿಟ್ಟಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಪುಟ ಮಾತ್ರ ಅಲ್ಲೂ ಇಲ್ಲ. ಅದಕ್ಕಿನ್ನು ಶಿರಸಿಯ ದೊಡ್ಡಮ್ಮನಿಗೇ ಫೋನ್ ಮಾಡಬೇಕು.